ಕಣ್ಣು ಮುಚ್ಚಿ ಮಾಡಿದ ಪ್ರಾರ್ಥನೆ

ಮುನಿಸಿಕೊಂಡವರನ್ನು ಒಂದು ಮಾಡುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ನಂಬಿಕೊಂಡಿದ್ದ ಕಾಲವೊಂದಿತ್ತು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಬಸ್ ಏಜೆಂಟ್. ಕಿಟಕಿ ಸೀಟಿಗಾಗಿ ಕಿತ್ತಾಡಿದವರನ್ನು ಸಮಾಧಾನ ಮಾಡಿ, ಒಂದೇ ಸೀಟಿನಲ್ಲಿ ಕೂರಿಸಿ, ತೀರ್ಥಹಳ್ಳಿಯವರೆಗೆ ಕಳಿಸಿದವನು. ಅಂಥವನಿಗೆ ನಮ್ಮ ಚರ್ಚಿನ ಇಬ್ಬರನ್ನು ರಾಜಿ ಮಾಡಿಸುವುದು ಯಾವ ಮಹಾ ಕೆಲಸ!

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ನಮ್ಮ ಚರ್ಚಿನಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಕೆಲಸ ಮುಗಿಯಿತು, ಜನ ಗಂಟುಮೂಟೆ ಕಟ್ಟಿಕೊಂಡು ಹೋದರು, ಬೆಂಚುಗಳು ಉಳಿದವು. ಪಾದ್ರಿ ಅಯ್ಯನವರು ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಮಿಕ್ಕ ಭಾನುವಾರಗಳಲ್ಲಿ ಉಳಿದ ನಾಲ್ಕಾರು ಮನೆಯವರೇ ಸೇರಿ ಆರಾಧನೆ ನಡೆಸಬೇಕಿತ್ತು. ಕೀರ್ತನೆ ಎತ್ತಿಕೊಡುವವರು ರಿಟೈರಾದ ಮೇಷ್ಟ್ರು ಸಮುವೇಲಪ್ಪನವರು. ದನಿಗೂಡಿಸುವವರು ಆಸ್ಪತ್ರೆಯ ನರ್ಸ್ ಸುಗುಣಮ್ಮ. ಉಳಿದ ನಾವೆಲ್ಲ ಬಾಯಿ ಆಡಿಸುವವರು.

ಸಮುವೇಲಪ್ಪನವರು ಪ್ರತಿ ಅಕ್ಷರವನ್ನೂ ಎಳೆದೆಳೆದು ಹಾಡುವವರು. ಸುಗುಣಮ್ಮನಿಗೋ ಮುಂದೆ ಡ್ಯೂಟಿ ಇರುತ್ತಿತ್ತು. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಆಕೆ, "ಮೇಷ್ಟ್ರೇ, ನೀವು ಒಂದು ಚರಣ ಮುಗಿಸೋದ್ರೊಳಗೆ ನಂಗೆ ಎರಡು ಹೆರಿಗೆ ಆಗಿರುತ್ತೆ!" ಎಂದುಬಿಟ್ಟರು. ಮಾಡಿಸಿರುತ್ತೇನೆ ಎನ್ನಬೇಕಿತ್ತು, ಪಾಪ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಮುಂದಿನ ಭಾನುವಾರದಿಂದ ಬರುವುದನ್ನೇ ನಿಲ್ಲಿಸಿದರು.

ಕ್ರಿಸ್‌ಮಸ್ ಹತ್ತಿರ ಬರುತ್ತಿತ್ತು. ಮೇಷ್ಟ್ರಿಲ್ಲದೆ ಕೀರ್ತನೆ ಎತ್ತುವವರಿಲ್ಲ. ಕೀರ್ತನೆ ಇಲ್ಲದ ಮೇಲೆ ಎರಡು ಮನೆಯವರು ನೆಗಡಿಯ ನೆಪ ಹೇಳಿ ಮನೆಯಲ್ಲೇ ಉಳಿದರು. ಹೀಗೇ ಆದರೆ ಚರ್ಚಿಗೆ ಬೀಗ ಬೀಳುತ್ತದೆ ಎಂದು ನನಗೆ ನಿಜಕ್ಕೂ ಭಯವಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಯಾರಿಗೂ ಹೇಳ್ಬೇಡಿ ಮಾರಾಯ್ರೆ," ಎಂದರು, "ಮನೆಗೆ ಹೋಗಿ ಅತ್ತುಬಿಟ್ಟೆ. ನಮ್ಮವಳು ಹೋದ್ಮೇಲೆ ನಂಗೆ ಇದ್ದಿದ್ದು ಆ ಹಾಡೊಂದೇ. ಆ ಸುಗುಣಮ್ಮನ ಗಂಟಲೇನು ಗಂಟಲಾ? ಬಸ್ಸಿನ ಹಾರ್ನು!"

ಅತ್ತ ಸುಗುಣಮ್ಮ ನನ್ನ ಹೆಂಡತಿ ಗ್ರೇಸಿಯ ಹತ್ತಿರ, "ಯಾರಿಗೂ ಹೇಳ್ಬೇಡ ಮಾರಾಯ್ತಿ, ನಾ ಹಂಗಂದಿದ್ದು ತಪ್ಪೇ. ಆದ್ರೆ ಆ ಗಡ್ಡದ ಮುದುಕನ ಹತ್ರ ಕ್ಷಮೆ ಕೇಳಕ್ಕೆ ನಂಗೆ ಬಾಯಿ ಬರಲ್ಲ," ಎಂದಿದ್ದರಂತೆ. ಗ್ರೇಸಿ ಅದನ್ನು ಯಾರಿಗೂ ಹೇಳಲಿಲ್ಲ. ನನಗೆ ಮಾತ್ರ ಹೇಳಿದಳು. ಜೀವನದಲ್ಲಿ ಅವಳು ಮಾಡಿದ ತಪ್ಪುಗಳಲ್ಲಿ ಇದು ಎರಡನೆಯದಂತೆ. ಮೊದಲನೆಯದು ಯಾವುದೆಂದು ನಾನು ಕೇಳಿಲ್ಲ.

ಶನಿವಾರ ಸಂಜೆ ಮನೆಪ್ರಾರ್ಥನೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ನಡೆಯುವುದು ನಮ್ಮ ಪದ್ಧತಿ. ಆ ವಾರ ನಮ್ಮ ಮನೆ. ಇಬ್ಬರನ್ನೂ ಕಾಡಿ ಬೇಡಿ ಒಪ್ಪಿಸಿದೆ. ಒಬ್ಬರು ಬರುವುದನ್ನು ಇನ್ನೊಬ್ಬರಿಗೆ ತಿಳಿಸಲಿಲ್ಲ. ಅದೇ ನನ್ನ ರಾಜತಂತ್ರ!

"ರೀ, ನೀವು ಸುಮ್ನೆ ಕಾಫಿ ಹಂಚಿ. ಪ್ರಾರ್ಥನೆ ಬೇರೆ ಯಾರಾದ್ರೂ ಮಾಡ್ಲಿ," ಎಂದಳು ಗ್ರೇಸಿ.

"ನಿಂಗೆಂತ ಗೊತ್ತು? ನೋಡ್ತಿರು, ಇಬ್ರೂ ಕೈ ಕೈ ಹಿಡ್ಕೊಂಡು ಅಳ್ತಾರೆ."

ಇಬ್ಬರೂ ಬಂದರು. ಒಬ್ಬರನ್ನೊಬ್ಬರು ನೋಡಿ, ಒಬ್ಬರು ಸೂರು ನೋಡುತ್ತ, ಇನ್ನೊಬ್ಬರು ನೆಲ ನೋಡುತ್ತ ಕುಳಿತರು. ಬೈಬಲ್ ವಾಕ್ಯ ಓದಿ ಆಯಿತು. ನಾನು ಎದ್ದು ನಿಂತು, ಕಣ್ಣು ಮುಚ್ಚಿ, ಹೊಸನಗರದ ಬಸ್ಸು ಕೂಗುವ ಅದೇ ದನಿಯಲ್ಲಿ ಶುರು ಮಾಡಿದೆ.

"ಪರಲೋಕದ ತಂದೆಯೇ! ನಿನ್ನ ದಾಸನಾದ ಸಮುವೇಲಪ್ಪನವರನ್ನು ಕಟಾಕ್ಷಿಸು! ಅವರು ಮನೆಯಲ್ಲಿ ಒಬ್ಬರೇ ಕುಳಿತು ಅತ್ತದ್ದನ್ನು ನೀನು ಬಲ್ಲೆ!"

"ಆಮೆನ್!" ಎಂದಳು ಗ್ರೇಸಿ, ಬಹಳ ಜೋರಾಗಿ.

ಅದು ನಿಲ್ಲಿಸಿ ಎಂಬ ಸೂಚನೆ. ನಾನು ಪ್ರೋತ್ಸಾಹ ಎಂದುಕೊಂಡೆ.

"ಸಹೋದರಿ ಸುಗುಣಮ್ಮನವರ ಗಂಟಲನ್ನು ಬಸ್ಸಿನ ಹಾರ್ನು ಎಂದ ಅವರ ನಾಲಿಗೆಯನ್ನು ಮನ್ನಿಸು, ಕರ್ತನೇ!"

"ಆಮೆನ್, ಆಮೆನ್!" ಈಗ ಎರಡು ಮೂರು ದನಿಗಳು. ನನ್ನ ಉತ್ಸಾಹ ಉಕ್ಕಿತು.

"ತಾನು ಅಂದದ್ದು ತಪ್ಪೆಂದು ತಿಳಿದೂ, ಈ ಗಡ್ಡದ ಮುದುಕನ ಬಳಿ ಕ್ಷಮೆ ಕೇಳಲಾರೆ ಎಂದು ಬಿಗಿದುಕೊಂಡಿರುವ ಸಹೋದರಿಯ ಹೃದಯವನ್ನು ಮೆದು ಮಾಡು!"

ಗ್ರೇಸಿ ಏಕಾಏಕಿ ಕೀರ್ತನೆ ಎತ್ತಿದಳು. ಉಳಿದವರೂ ಹಾಡತೊಡಗಿದರು. ನಾನು ಅದಕ್ಕೂ ಮೇಲೆ ದನಿ ಏರಿಸಿದೆ. ಬಸ್‌ಸ್ಟ್ಯಾಂಡಿನ ಗದ್ದಲವನ್ನೇ ಗೆದ್ದವನಿಗೆ ಇದ್ಯಾವ ಲೆಕ್ಕ! ಮಧ್ಯೆ ಕುರ್ಚಿ ಸರಿದ ಸದ್ದಾಯಿತು. ಬಾಗಿಲು ಬಡಿದ ಸದ್ದೂ ಆಯಿತು. ಆಹಾ, ದೇವರು ಕೆಲಸ ಶುರು ಮಾಡಿದ್ದಾನೆ ಎಂದುಕೊಂಡೆ. ಕೊನೆಗೆ ಕಣ್ಣು ಬಿಟ್ಟರೆ ಮೇಷ್ಟ್ರೂ ಇಲ್ಲ, ಸುಗುಣಮ್ಮನೂ ಇಲ್ಲ. ಗ್ರೇಸಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ಇಲ್ಲಿ ವರ್ಣಿಸಲಾರೆ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದರು. ತೀರ್ಥಹಳ್ಳಿಯಲ್ಲಿರುವ ಮಗಳ ಮನೆಗೆ, ಇನ್ನು ಅಲ್ಲಿಯೇ ಅಂತೆ. ಅವರು ಹತ್ತಿ ಕುಳಿತ ಬಸ್ಸಿಗೆ ನಾನು ರೈಟ್ ಹೇಳಲೇ ಇಲ್ಲ! ಕಿಟಕಿ ಹಿಡಿದುಕೊಂಡು, "ಮೇಷ್ಟ್ರೇ, ಇಳೀರಿ. ತಪ್ಪೆಲ್ಲ ನಂದು. ನೀವು ಅತ್ತಿದ್ದು ಇನ್ನು ಒಂದು ನರಪಿಳ್ಳೆಗೂ ಹೇಳಲ್ಲ!" ಎಂದೆ.

ಇಡೀ ಬಸ್ಸು ಅವರ ಕಡೆ ತಿರುಗಿತು.

"ಎಂತಕ್ಕೆ ಅತ್ರಂತೆ?" ಎಂದು ಕೇಳಿದರು ಹಿಂದಿನ ಸೀಟಿನ ಗೌಡರು.

"ಗಣೇಶನ್ನ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದ್ರಿ ಏಜೆಂಟ್ರೇ, ಸರೀರಿ ಸಾಕು," ಎಂದ ಕಂಡಕ್ಟರ್, ತಾನೇ ಸೀಟಿ ಊದಿದ. ಮೇಷ್ಟ್ರು ಮುಖ ತಿರುಗಿಸಿಕೊಂಡರು. ಬಸ್ಸು ಹೋಯಿತು. ನಾನು ಧೂಳು ಕುಡಿಯುತ್ತ ನಿಂತೆ.

ಮುಂದಿನ ಭಾನುವಾರ ನಾನು ಚರ್ಚಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ದೇವರು ಮನೆಯಲ್ಲೂ ಇದ್ದಾನೆ, ಒಬ್ಬನೇ ಪ್ರಾರ್ಥಿಸಿದರಾಯಿತು ಎಂದು ಗ್ರೇಸಿಗೆ ಹೇಳಿದೆ. ಅವಳು ಒಬ್ಬಳೇ ಹೋದಳು. ಒಬ್ಬನೇ ಕುಳಿತು ಒಂದು ಕೀರ್ತನೆ ಹಾಡಲು ನೋಡಿದೆ. ಅರ್ಧಕ್ಕೇ ಪದ ಮರೆತುಹೋಯಿತು, ಎತ್ತಿಕೊಡಲು ಮೇಷ್ಟ್ರಿರಲಿಲ್ಲ. ಆ ಖಾಲಿ ಮನೆಯಲ್ಲಿ ನಾನೂ ಅತ್ತೆ. ಇದನ್ನು ಯಾರಿಗೂ ಹೇಳಬೇಡಿ.

ಅಷ್ಟರಲ್ಲಿ ಬೀದಿಯಲ್ಲಿ ಹಾಡು ಕೇಳಿಸಿತು. ಒಂದು ದನಿ ಮುಂದೆ ಓಡುತ್ತಿತ್ತು, ಇನ್ನೊಂದು ಒಂದು ಸಾಲು ಹಿಂದೆ ತೆವಳುತ್ತಿತ್ತು. ಬಾಗಿಲು ತೆರೆದರೆ ಇಡೀ ಸಭೆಯೇ ನಮ್ಮ ಅಂಗಳದಲ್ಲಿ! ಎದುರಿಗೆ ಸಮುವೇಲಪ್ಪನವರು, ಪಕ್ಕದಲ್ಲೇ ಸುಗುಣಮ್ಮ!

ಸುಗುಣಮ್ಮ ಹಿಂದಿನ ದಿನ ಆಸ್ಪತ್ರೆ ಗೇಟಿನಲ್ಲೇ ಬಸ್ಸು ಹತ್ತಿ, ನನ್ನ ಕಣ್ಣಿಗೆ ಬೀಳದೆ ತೀರ್ಥಹಳ್ಳಿಗೆ ಹೋಗಿ ಮೇಷ್ಟ್ರನ್ನು ಕರೆತಂದಿದ್ದರು.

"ಅವರು ಅತ್ತಿದ್ದು ನಂಗೆ ಗೊತ್ತೇ ಇರ್ಲಿಲ್ಲ," ಎಂದರು ಆಕೆ. "ಗೊತ್ತಾದ್ಮೇಲೆ ನಿದ್ದೆ ಬರ್ಲಿಲ್ಲ ನಂಗೆ."

ನನ್ನ ಎದೆ ಉಬ್ಬಿತು. "ಅಂದ್ರೆ ನನ್ನ ಪ್ರಾರ್ಥನೆಯಿಂದಲೇ..."

"ಸುಮ್ನಿರಿ!" ಎಂದರು ಇಬ್ಬರೂ. ಅವರು ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸಿದ ಮೊದಲ ಮಾತು ಅದು.

ತೀರ್ಥಹಳ್ಳಿಯಿಂದ ಹೊಸನಗರದವರೆಗೆ ಇಬ್ಬರೂ ಸೇರಿ ನನ್ನನ್ನು ಬೈದರಂತೆ. ಹೊಸನಗರದಲ್ಲಿ ಕಾಫಿ ಕುಡಿದು ಮತ್ತೆ ಬೈದರಂತೆ. ಸಾಗರ ಬರುವಷ್ಟರಲ್ಲಿ ಜಗಳವೇ ಮರೆತುಹೋಗಿತ್ತಂತೆ.

"ಬರ್ರೀ ಚರ್ಚಿಗೆ," ಎಂದು ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು. "ನೀವು ಬರ್ದೆ ಆರಾಧನೆ ಶುರು ಮಾಡ್ಬಾರ್ದು ಅಂತ ಎಲ್ರೂ ಎದ್ದು ಬಂದಿದ್ದೀವಿ. ಒಬ್ರು ಕಮ್ಮಿ ಆದ್ರೂ ಬೆಂಚು ಬಿಕೋ ಅನ್ನುತ್ತೆ."

ನನಗೆ ಮಾತೇ ಹೊರಡಲಿಲ್ಲ. ಇಂಥ ಜನರನ್ನು ಬಿಟ್ಟು ಒಬ್ಬನೇ ದೇವರನ್ನು ಹುಡುಕಲು ಹೊರಟಿದ್ದೆನಲ್ಲ!

"ಮಾತು ಹೊರಡದೆ ಇದ್ದಿದ್ದು ಇವತ್ತೇ," ಎಂದಳು ಗ್ರೇಸಿ. "ಇವರು ಹಿಂಗೇ ಇರ್ಲಿ ಅಂತ ಎಲ್ರೂ ಸೇರಿ ಪ್ರಾರ್ಥನೆ ಮಾಡಣ."

ಮಾಡಿದರು. ಅಲ್ಲೇ, ಅಂಗಳದಲ್ಲೇ, ಒಬ್ಬರೂ ತಪ್ಪದೆ!