ಕುಬಸಕ್ಕೆ ಹೊರಟ ವ್ಯಾನಿನ ಮುಚ್ಚಳ

ವ್ಯಾನಿನ ಪೆಟ್ರೋಲ್ ಟಾಕಿಗೆ ಹೊಸ ಮುಚ್ಚಳ ಕೂಡಿಸುವ ಕೆಲಸ ನನ್ನಿಂದಾಗುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಾನು ವಿಜಾಪುರದಲ್ಲಿ ಅರಿವೆ ಅಂಗಡಿ ಇಟ್ಟವನು. ದಿನಾಲೂ ಪಾರ್ಸೆಲ್ ಕಟ್ಟಿ, ಅರಗು ಸುರಿದು, ಮುದ್ರೆ ಒತ್ತುವ ಕೈ ಇದು. ಒಂದು ಟಾಕಿಯ ಬಾಯಿ ಮುಚ್ಚುವುದು ಯಾವ ಮಹಾ ಕೆಲಸ?

ಆಣೆ ಹೋಗಿ ನಯಾಪೈಸೆ ಬಂದು ಎಲ್ಲರ ಲೆಕ್ಕ ಕೆಡಿಸಿದ್ದ ಕಾಲ. ತಿಕೋಟಾ, ಬಬಲೇಶ್ವರದ ಸಂತೆಗಳಿಗೆ ಬಟ್ಟೆ ಒಯ್ಯಲೆಂದು ಒಂದು ಹಳೆಯ ವ್ಯಾನು ಕೊಂಡಿದ್ದೆ. ಅದರ ಮುಚ್ಚಳದ ಹಲ್ಲು ಸವೆದು, ಗಾಡಿ ಕುಲುಕಿದಾಗಲೆಲ್ಲ ಪೆಟ್ರೋಲು ತುಳುಕುತ್ತಿತ್ತು. ಸುತ್ತಲೂ ಒಂದು ಚಿಂದಿ ತುರುಕಿ ಕಾಲ ನೂಕುತ್ತಿದ್ದೆ. ವಾಸನೆ ನನಗೆ ರೂಢಿಯಾಗಿತ್ತು.

ಬೀಗರಿಗೆ ರೂಢಿಯಾಗಿರಲಿಲ್ಲ. ಬಬಲೇಶ್ವರಕ್ಕೆ ಕೊಟ್ಟ ಮಗಳು ಶಾಂತಾ ಬಸುರಿಯಾದಾಗ, ಮೊದಲ ತಿಂಗಳುಗಳಲ್ಲಿ ಮಾಡುವ ಕಳ್ಳ ಕುಬಸಕ್ಕೆ ಇದೇ ವ್ಯಾನಿನಲ್ಲಿ ಬುತ್ತಿ ಒಯ್ದೆವು. ಬೀಗತಿ ಸಜ್ಜಿರೊಟ್ಟಿ ಮುರಿದು, ಮೂಸಿ, ಎಲ್ಲರೆದುರು ಕೇಳಿಯೇಬಿಟ್ಟರು:

“ಯವ್ವಾ, ಈ ರೊಟ್ಟಿ ಒಲಿ ಮ್ಯಾಲೆ ಬೇಯಿಸೀರೋ, ಮೋಟಾರಿನ್ಯಾಗ ಬೇಯಿಸೀರೋ?”

ಪಡಸಾಲೆಯೆಲ್ಲ ನಕ್ಕಿತು. ಶಾಂತಾ ಮಾತ್ರ ರೊಟ್ಟಿಯ ಮೇಲೆ ರೊಟ್ಟಿ ತಿಂದಳು. ತವರಿನ ಮಾನ ಉಳಿಸಲು ಕೂಸು ಎಷ್ಟು ಕಷ್ಟಪಡುತ್ತಿದೆ ಎಂದು ನನ್ನ ಕಣ್ಣು ತುಂಬಿ ಬಂತು.

ಈಗ ದೊಡ್ಡ ಕುಬಸ, ಅಂದರೆ ಎಲ್ಲರನ್ನೂ ಕರೆದು ಮಾಡುವ ಸೀಮಂತ, ಬಂತು. ನನ್ನ ಹೆಂಡತಿ ಗೌರವ್ವ ಮೊದಲೇ ಹೇಳಿದಳು:

“ನೋಡ್ರಿ, ಈ ಸಲಾನೂ ಬುತ್ತಿಗೆ ವಾಸನಿ ಬಂತಂದ್ರ ನಾ ಬೀಗರ ಹೊಸ್ತಿಲಾ ತುಳಿಯಾಂಗಿಲ್ಲ. ಬುಟ್ಟಿ ತಲಿ ಮ್ಯಾಲೆ ಹೊತ್ಕೊಂಡು ತಿರುಗಿ ಬರ್ತೀನಿ. ಮುಚ್ಚಳಾ ಮಿಸ್ತ್ರಿ ಕಡೆ ಮಾಡಿಸ್ರಿ.”

“ಮುಚ್ಚಳಕ್ಕೂ ಮಿಸ್ತ್ರಿ ಬೇಕೇನ? ನಾಳೆ ಉಪ್ಪಿನಕಾಯಿ ಭರಣಿ ಮುಚ್ಚಾಕೂ ಅವನ್ನ ಕರಿ!” ಎಂದೆ.

ಗುಜರಿ ಅಂಗಡಿಯಲ್ಲಿ ಅಳತೆಗೆ ಸರಿಯಾದ ಮುಚ್ಚಳ ಸಿಕ್ಕಿತು. ಮನೆಗೆ ತಂದು ಬೆಳಕಿಗೆ ಹಿಡಿದರೆ ನಡುವೆ ಸೂಜಿ ಮೊನೆಯಷ್ಟು ತೂತು! ಗುಜರಿಯವನ ಮೋಸವನ್ನು ನಾನು ಉದಾರ ಮನಸ್ಸಿನಿಂದ ಕ್ಷಮಿಸಿದೆ. ವ್ಯಾನಿನಿಂದ ದೂರ ಕೂತು ಅರಗು ಕರಗಿಸಿ ತೂತು ಮುಚ್ಚಿದೆ. ಚಂದ ಕಾಣಲೆಂದು ಮೇಲೆ ಅಂಗಡಿಯ ಮುದ್ರೆಯನ್ನೂ ಒತ್ತಿದೆ. ಒಳಗೆ ಬಿಗಿಯಾಗಿ ಕೂರಲು ಚಪ್ಪಲಿಯ ತೊಗಲು ಕತ್ತರಿಸಿ ವಾಷರ್ ಮಾಡಿದೆ. ಚಪ್ಪಲಿ ಗೌರವ್ವನದು. ಆ ಸುದ್ದಿ ಆಕೆಗೆ ಕುಬಸದ ದಿನ ಬೆಳಿಗ್ಗೆ ತಿಳಿಯಿತು.

ಬರಿಗಾಲಲ್ಲೇ ಆಕೆ ವ್ಯಾನು ಹತ್ತಿದಳು. ಜೊತೆಗೆ ನನ್ನ ಅಕ್ಕ ನೀಲವ್ವ, ಹಿಂದೆ ಬುತ್ತಿಯ ಬುಟ್ಟಿಗಳು. ಪೆಟ್ರೋಲಿನ ವಾಸನೆ ಇಲ್ಲವೇ ಇಲ್ಲ! ಒಳಗೆಲ್ಲ ಎಳ್ಳುಹೋಳಿಗೆಯ ಘಮ.

“ಹ್ಯಾಂಗೈತಿ?” ಎಂದು ಮೀಸೆ ತಿರುವಿದೆ.

ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ವ್ಯಾನು ಕೆಮ್ಮಿ ನಿಂತಿತು. ಮುಚ್ಚಳ ತೆಗೆದರೆ ಫುಸ್ಸೆಂದಿತು. ಕಡ್ಡಿ ಇಳಿಬಿಟ್ಟು ನೋಡಿದೆ, ಪೆಟ್ರೋಲು ಬೇಕಾದಷ್ಟಿತ್ತು. ಅಷ್ಟರಲ್ಲಿ ನೀಲಕ್ಕ ಬಾನೆಟ್ಟಿಗೆ ವಿಭೂತಿ ಹಚ್ಚಿದ್ದಳು. ಗಾಡಿ ಶುರುವಾಯಿತು.

“ನನ್ನ ವಿಭೂತಿ ಸುಳ್ಳಾಗಾಂಗಿಲ್ಲಪಾ,” ಎಂದಳು ಅಕ್ಕ.

ಮತ್ತೆ ಸ್ವಲ್ಪ ದೂರಕ್ಕೆ ನಿಂತಿತು. ಮತ್ತೆ ಕಡ್ಡಿ, ಮತ್ತೆ ವಿಭೂತಿ, ಮತ್ತೆ ಶುರು. ಮೂರನೆಯ ಸಲ ನಿಂತಾಗ, ಪೆಟ್ರೋಲಿದೆ ಎಂದು ಗೊತ್ತಾದ ಮೇಲೆ ಮತ್ತೆ ಮುಚ್ಚಳ ತೆಗೆದು ಕಡ್ಡಿ ಇಳಿಬಿಡುವುದೇಕೆ ಎಂದು ವಿಚಾರಿಸಿ, ವಿದ್ಯಾವಂತನಾದ ನಾನು ವಿಭೂತಿಯೊಂದನ್ನೇ ನೆಚ್ಚಿಕೊಂಡೆ. ಬಾನೆಟ್ಟು ಪೂರ್ತಿ ಬೆಳ್ಳಗಾಯಿತು. ಗಾಡಿ ಮಿಸುಕಲಿಲ್ಲ.

“ಲೇ ತಮ್ಮಾ, ನಿನಗ ನಂಬಿಗಿ ಸಾಲವಲ್ದು!” ಅಕ್ಕನಿಗೆ ಸಿಟ್ಟು ಬಂತು.

ಬಿಸಿಲೇರುತ್ತಿತ್ತು. ಮಧ್ಯಾಹ್ನದೊಳಗೆ ಕುಬಸವಾಗಬೇಕು. ಹಸಿರು ಸೀರೆ ಉಟ್ಟು ಮಗಳು ಬಾಗಿಲ ಕಡೆ ನೋಡುತ್ತ ಕೂತಿರಬೇಕು. ಗೌರವ್ವ ಮೆಲ್ಲಗೆ ಕೇಳಿದಳು:

“ಮುಚ್ಚಳಾ ತಗದಾಗ ಫುಸ್ ಅಂತಿತ್ತಲ್ರಿ, ಏನದು?”

“ಗಾಳಿ ಒಳಗ ಹೋಗಿದ್ದು.”

“ಮುಚ್ಚಿದಾಗ ಗಾಳಿ ಹೋಗಾಕ ದಾರಿ ಎಲ್ಲೈತಿ?”

“ಒಂದು ತೂತಿತ್ತು. ನಾನ ಮುಚ್ಚೇನಿ!” ಎಂದೆ ಹೆಮ್ಮೆಯಿಂದ.

ಆಕೆ ನನ್ನನ್ನು ನೋಡಿದಳು. “ಚಿಮಣಿಗೆ ಹಾಕೋ ಘಾಸ್ಲೇಟ್ ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡಿತಾರ್ರಿ? ಗಾಳಿ ಹೋಗದ ಎಣ್ಣಿ ಬರ್ತೈತೇನು?”

ತಲೆಯಿಂದ ಪಿನ್ನು ತೆಗೆದು, ನನ್ನ ಅಂಗಡಿಯ ಮುದ್ರೆಗೇ ಚುಚ್ಚಿದಳು. ಅರಗು ಉದುರಿತು. ಗಾಡಿ ಬಬಲೇಶ್ವರದವರೆಗೆ ಎಲ್ಲಿಯೂ ನಿಲ್ಲಲಿಲ್ಲ.

“ವಿಭೂತಿ ತಡಾ ಆದ್ರೂ ಕೆಲಸ ಮಾಡ್ತು,” ಎಂದಳು ನೀಲಕ್ಕ.

ಹೊತ್ತು ಮೀರುವ ಮುನ್ನ ಮುಟ್ಟಿದೆವು. ಬೀಗತಿ ರೊಟ್ಟಿ ಮೂಸಿದರು. “ಈ ಸಲ ಒಲಿ ಮ್ಯಾಲೇ ಬೇಯಿಸ್ಯಾರ!” ನಾನು ಎದೆ ಸೆಟೆಸಿ ಕೂತೆ. ಆಗ ಶಾಂತಾ ಒಂದು ತುಣುಕು ಮುರಿದು, ಮೂಸಿ, ತಾಟಿನಲ್ಲೇ ಇಟ್ಟಳು. ಮುಖ ಬಾಡಿತು.

“ಏನಾತವ್ವಾ?” ಎಂದೆ.

“ಯಪ್ಪಾ, ಆವತ್ತಿನ ಗಾಡಿ ವಾಸನಿನ ಇಲ್ಲಲ್ಲ! ಅದರ ಸಲುವಾಗೇ ದಾರಿ ಕಾಯಾಕತ್ತಿದ್ನಿ. ಬ್ಯಾರೆ ಏನೂ ಸೇರವಲ್ದು ನನಗ.” ಕಣ್ಣಲ್ಲಿ ನೀರು ತಂದುಕೊಂಡಳು.

ಬಸುರಿ ಮಗಳ ಬಯಕೆ! ಓಡಿಹೋಗಿ ಸೀಟಿನ ಕೆಳಗೆ ಒಣಗಿ ಬಿದ್ದಿದ್ದ ಹಳೆಯ ಚಿಂದಿಗೆ ಟಾಕಿಯ ಪೆಟ್ರೋಲು ತಾಕಿಸಿ ತಂದುಕೊಟ್ಟೆ. ತಲೆತುಂಬ ಹೂವು ಮುಡಿದ ನನ್ನ ಮಗಳು ಒಂದು ಕೈಯಲ್ಲಿ ಅದನ್ನು ಮೂಸುತ್ತ, ಇನ್ನೊಂದು ಕೈಯಿಂದ ಖುಷಿಯಾಗಿ ಹೋಳಿಗೆ ತಿಂದಳು. ಗೌರವ್ವ ತನ್ನ ಬರಿಗಾಲು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

ಹೊರಡುವಾಗ, ನೀಲಕ್ಕನಿಂದ ಮುಚ್ಚಳದ ಕತೆ ಕೇಳಿದ್ದ ಬೀಗತಿ ಬಾಗಿಲತನಕ ಬಂದು ಹೇಳಿದರು: “ಮುಂದಿನ ಸಂತಿಗಿ ಬರ್ರಿ ಬೀಗರ. ಬುತ್ತಿ ಬ್ಯಾಡ. ಹಳೇ ಮುಚ್ಚಳಾ ಅಷ್ಟ ಹಾಕ್ಕೊಂಡು ಬರ್ರಿ.”

ಹಾಕಿಕೊಂಡು ಹೋದೆ.