ಯಾರೂ ಇಲ್ಲದ ಊರಿನವರು

ಕಾಗದದ ಮೇಲೆ ಗೆರೆ ಎಳೆಯುವವರು ಇರುವ ತನಕ ನೆಲದ ಮೇಲೆ ಇರುವವರ ನಗುವಿಗೆ ಬರ ಬರುವುದಿಲ್ಲ. ಮಂಡಲ ಪಂಚಾಯ್ತಿ ಬರುತ್ತದೆ ಅಂತ ಊರೂರಿನ ಗಡಿ ಅಳಿಸಿ ಬರೆದರಲ್ಲ, ಆ ವರ್ಷ ನಮ್ಮ ಪಾಳ್ಯದಲ್ಲಿ ನಡೆದದ್ದನ್ನು ಹೇಳಿದರೆ ಕೇಳಿದವರು ಈಗಲೂ "ಸುಳ್ಳು ಬುಡು" ಅನ್ನುತ್ತಾರೆ. ಒಂದೂ ಸುಳ್ಳಲ್ಲ. ಎಲ್ಲದರಲ್ಲೂ ನಾನೇ ಇದ್ದೆ.

ಮೊದಲು ಊರಿನ ವಿಚಾರ ಹೇಳಿಬಿಡುತ್ತೇನೆ. ಹಂದನಕೆರೆ ಕಡೆಯ ಒಂದು ಪಾಳ್ಯ ನಮ್ಮದು. ನಲವತ್ತು ಮನೆ, ಸುತ್ತ ತೆಂಗಿನ ತೋಟ, ಮಧ್ಯೆ ಒಂದು ಮಾರಮ್ಮನ ಗುಡಿ. ಹಿಂದೆ ಯಾವುದೋ ಕಾಲದಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟಾಗ ಅಂದಿನ ಶಾನುಭೋಗರು ದಫ್ತರದಲ್ಲಿ 'ಬೇಚರಾಕ್' ಅಂತ ಬರೆದರಂತೆ. ಅಂದರೆ ಜನವಸತಿ ಇಲ್ಲದ ಗ್ರಾಮ. ಆಮೇಲೆ ಜನ ವಾಪಸು ಬಂದರು, ಮನೆ ಕಟ್ಟಿದರು, ತೆಂಗು ನೆಟ್ಟರು, ಆ ತೆಂಗು ಮುದಿಯಾಗಿ ಅದರ ಮಗ್ಗುಲಲ್ಲಿ ನೆಟ್ಟ ಸಸಿಯೂ ಫಲಕ್ಕೆ ಬಂತು. ದಫ್ತರದಲ್ಲಿ ಮಾತ್ರ ಇನ್ನೂ ಯಾರೂ ವಾಪಸು ಬಂದಿರಲಿಲ್ಲ. ನಮ್ಮ ಹೆಸರುಗಳೆಲ್ಲ ಎರಡು ಮೈಲಿ ಆಚೆಯ ದೊಡ್ಡೂರಿನ ಪಟ್ಟಿಯಲ್ಲಿದ್ದವು.

ಇದರಿಂದ ಆದ ನಷ್ಟ ಒಂದೇ, ನೀರು. ಕೈಪಂಪಿನ ಬೋರಿಂಗು ಕೇಳಿದಾಗಲೆಲ್ಲ, ಜನ ಇಲ್ಲದ ಊರಿಗೆ ಬೋರಿಂಗು ಹಾಕಿಸಲು ರೂಲ್ಸಿಲ್ಲ ಅನ್ನುತ್ತಿದ್ದರು. ಹೆಂಗಸರು ಕೆರೆಯಂಗಳದ ಬಾವಿಯಿಂದ ಕೊಡ ಹೊತ್ತು ಹೊತ್ತು ನೆತ್ತಿ ಸವೆಸಿಕೊಂಡಿದ್ದೆವು. ಮಂಡಲ ಆಗುವಾಗಲಾದರೂ ನಮ್ಮದು ಊರು ಅಂತ ಬರೆಸಿಕೊಳ್ಳದಿದ್ದರೆ ನಮ್ಮ ಸೊಸೆಯರ ನೆತ್ತಿಗೂ ಅದೇ ಗತಿ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಾಯಿ ಸುಲಿಯುವ ಕೂಲಿಯಿಂದ ಶುರುಮಾಡಿ ಸ್ವಂತ ಅಟ್ಟದಲ್ಲಿ ಕೊಬ್ಬರಿ ಇಡುವ ತನಕ ಬಂದವಳು. ಒಂದು ಸಾರಿ ತಿಪಟೂರಿನಲ್ಲಿ ನಮ್ಮ ಕಡೆಯ ಬಸ್ಸು ಅಂತ ಹತ್ತಿ ನಿದ್ದೆ ಹೋಗಿ ತುರುವೇಕೆರೆಯಲ್ಲಿ ಎಚ್ಚರವಾಯಿತು. ಆವತ್ತು ಹಟ ಹಿಡಿದೆ. ಬಸ್ಸಿನ ಬೋರ್ಡು ನೋಡಿ ನೋಡಿಯೇ ಅಕ್ಷರ ಕಲಿತೆ. ಆಮೇಲೆ ಗೋಡೆ, ಪೇಪರು, ಪುಸ್ತಕ, ಕಣ್ಣಿಗೆ ಬಿದ್ದದ್ದನ್ನು ಬಿಟ್ಟವಳಲ್ಲ.

೧. ಕಂಕುಳಲ್ಲಿ ತಮಟೆ

ಒಂದು ಮಧ್ಯಾಹ್ನ ಡಂಗುರ ಸಾರುವವನು ತಮಟೆಯನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮ ಬೀದಿಯಲ್ಲಿ ಸದ್ದಿಲ್ಲದೆ ಹೋಗುತ್ತಿದ್ದ. ಬಿಸಿಲಿಗೆ ಮುಖ ಬಾಡಿತ್ತು. ಕರೆದು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟೆ. ತಮಟೆ ಕಂಡು ನಾಲ್ಕು ಮನೆಯ ಹೆಂಗಸರು ಬಂದರು, ಅವರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಎರಡು ನಾಯಿ. ಏನು ಸಮಾಚಾರ ಅಂತ ಕೇಳಿದರೆ, ಮಂಡಲ ಪಂಚಾಯ್ತಿಯ ಗಡಿ ಗೊತ್ತುಮಾಡುತ್ತಿದ್ದಾರೆ, ಪ್ರಕಟಣೆ ಅಂಟಿಸಿದ್ದಾರೆ, ತಕರಾರು ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು, ಇದನ್ನು ಪ್ರತಿ ಊರಲ್ಲೂ ಸಾರಬೇಕು ಅಂತ ಕಾನೂನಂತೆ, ಅಂದ.

ಹಾಗಿದ್ದರೆ ನಮ್ಮೂರಲ್ಲಿ ಯಾಕೆ ಸಾರಲಿಲ್ಲ ಅಂದೆ.

ಅವನು ಜೇಬಿನಿಂದ ಚೀಟಿ ತೆಗೆದು ನನ್ನ ಕೈಗೇ ಕೊಟ್ಟ. ನಮ್ಮೂರ ಹೆಸರಿನ ಮುಂದೆ 'ಜನವಸತಿ ಇಲ್ಲ, ಸಾರುವ ಅಗತ್ಯ ಇಲ್ಲ' ಅಂತ ಬರೆದಿತ್ತು. ಎರಡನೇ ಲೋಟ ಮಜ್ಜಿಗೆ ಕುಡಿದು, ನೆರೆದವರನ್ನೆಲ್ಲ ಒಂದು ಸುತ್ತು ನೋಡಿ, ಅವನು ಬಹಳ ಮರ್ಯಾದೆಯಿಂದ ಹೇಳಿದ: "ತಪ್ಪು ತಿಳೀಬ್ಯಾಡಿ ಅಕ್ಕಯ್ಯ. ಯಾರೂ ಇಲ್ಲದ ಕಡೆ ತಮಟೆ ಹೊಡೆದರೆ ನೋಡಿದೋರು ಏನಂದಾರು?"

೨. ಖಾಲಿ ಬೆಂಚು

ಮಾರನೆಯ ದಿನವೇ ತಾಲ್ಲೂಕು ಕಚೇರಿಗೆ ಹೋಗಿ ಆ ಪ್ರಕಟಣೆ ಓದಿದೆ. ನಮ್ಮೂರ ನೆಲವನ್ನು ಕೆರೆಯಾಚೆಯ ಮಂಡಲಕ್ಕೆ ಹಾಕಿದ್ದರು. ನಮ್ಮ ಜನರನ್ನು ದೊಡ್ಡೂರಿನ ಮಂಡಲಕ್ಕೆ ಎಣಿಸಿದ್ದರು. ಕಾಲು ಒಂದು ಕಡೆ, ತಲೆ ಇನ್ನೊಂದು ಕಡೆ. ದೊಡ್ಡೂರಿನ ಮಾಜಿ ಛೇರ್ಮನ್ನರಿಗೆ ಬೇಕಾಗಿದ್ದೂ ಅಷ್ಟೇ. ತಲೆಯೆಣಿಕೆ ಹೆಚ್ಚಿದರೆ ಮಂಡಲದ ಕಚೇರಿ ಅವರ ಊರಿಗೆ ಬರುತ್ತದೆ. ನೆಲ ಆಚೆಯವರದಾದರೆ ಬೋರಿಂಗು ಹಾಕಿಸುವ ತಲೆನೋವು ಅವರಿಗಿಲ್ಲ. ಆಚೆಯವರನ್ನು ಕೇಳಿದರೆ, ಜನ ನಮ್ಮವರಲ್ಲವಲ್ಲ ಅಂತಾರೆ.

ನಾನೇ ತಕರಾರು ಅರ್ಜಿ ಬರೆದು ಗುಮಾಸ್ತರ ಮುಂದೆ ಇಟ್ಟೆ. ಅವರು ಓದಿ ಹಿಂದಕ್ಕೆ ತಳ್ಳಿದರು. ಯಾವ ಗ್ರಾಮದ ಗಡಿ ಬದಲಾಗುತ್ತದೋ ಆ ಗ್ರಾಮದ ನಿವಾಸಿ ಮಾತ್ರ ತಕರಾರು ಕೊಡಬೇಕು, ಆ ಗ್ರಾಮದಲ್ಲಿ ನಿವಾಸಿಗಳೇ ಇಲ್ಲ, ಆದ್ದರಿಂದ ತಕರಾರು ಬರಲು ಸಾಧ್ಯವೇ ಇಲ್ಲ ಅಂದರು. ಬಂದಿದೆಯಲ್ಲ, ನಿಮ್ಮ ಮೇಜಿನ ಮೇಲೇ ಇದೆ ಅಂದೆ. ಅದು ಬಂದಿದ್ದರೂ ಬಂದಂತೆ ಅಲ್ಲವಂತೆ. ಹಾಗಾದರೆ ತೆಗೆದುಕೊಳ್ಳುವುದಿಲ್ಲ ಅಂತ ಹಿಂಬರಹ ಬರೆದು ಕೊಡಿ ಅಂದೆ. ಇಲ್ಲದವರಿಗೆ ಹಿಂಬರಹ ಕೊಟ್ಟರೆ ನನ್ನ ಕೆಲಸಕ್ಕೆ ಸಂಚಕಾರ ಅಂದರು.

ನಾನು ಅವರ ಪಕ್ಕದ ಬೆಂಚಿನ ಮೇಲೆ ಕೂತೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕೂತೇ ಇದ್ದೆ. ಊಟದ ಹೊತ್ತಾಯಿತು. ಗುಮಾಸ್ತರು ದಿನಾ ಬುತ್ತಿ ಬಿಚ್ಚುತ್ತಿದ್ದದ್ದು ಆ ಬೆಂಚಿನ ಮೇಲೆಯೇ. ಬುತ್ತಿ ಹಿಡಿದು ಬಂದು ನಿಂತು, ಸ್ವಲ್ಪ ಏಳಿ ತಾಯಿ, ಜಾಗ ಬೇಕು ಅಂದರು.

"ನಾನು ಇಲ್ಲವಲ್ಲ ಸ್ವಾಮಿ," ಅಂದೆ. "ಬೆಂಚು ಖಾಲಿಯೇ ಇದೆ. ಕೂತ್ಕೊಳ್ಳಿ."

ಬುತ್ತಿ ತಣ್ಣಗಾಗುವ ಮುಂಚೆ ಅರ್ಜಿಗೆ ಸೀಲು ಬಿತ್ತು.

೩. ಟೀ ಲೋಟದ ಕೆರೆ

ಅರ್ಜಿ ಜೊತೆಗೆ ಊರಿನ ನಕ್ಷೆಯ ನಕಲು ಲಗತ್ತಿಸಬೇಕು ಅಂದರು. ನಕಲಿಗೆ ಹಾಕಿ ವಾರ ಕಾದೆ. ಕೈಗೆ ಬಂದಾಗ ನೋಡಿದರೆ ನಮ್ಮೂರು ಇರಬೇಕಾದ ಕಡೆ ಗುಂಡಗೆ ಒಂದು ಕೆರೆ. ಅಂಚಿಗೆ ಕಪ್ಪು ಗೆರೆ, ಒಳಗೆ ಚೆಂದವಾಗಿ ನೀಲಿ ಬಣ್ಣ. ನಮ್ಮ ಮನೆ, ಗುಡಿ, ತೋಟ ಎಲ್ಲ ಆ ನೀಲಿಯ ಒಳಗೆ. ನಮ್ಮ ಕಡೆಯ ನಿಜವಾದ ಕೆರೆಗಳು ಚೌತಿಗೆ ಗಣಪತಿ ಬಿಡಲೂ ಸಾಲದಷ್ಟು ಬತ್ತಿರುತ್ತವೆ. ಇದೊಂದು ಮಾತ್ರ ಕೋಡಿ ಬಿದ್ದ ಹಾಗೆ ಕಾಣುತ್ತಿತ್ತು.

ಮೂಲ ನಕ್ಷೆ ತೋರಿಸಿ ಅಂತ ಪಟ್ಟು ಹಿಡಿದೆ. ತಂದು ಹಾಸಿದರು. ಅದೇ ಜಾಗದಲ್ಲಿ ಟೀ ಲೋಟ ಇಟ್ಟ ಗುರುತು ಉಂಗುರದ ಹಾಗೆ ಕೂತಿತ್ತು. ಯಾರೋ ಟೀ ಕುಡಿದಿದ್ದರು. ನಕಲು ತೆಗೆದವರು ಅದನ್ನು ಕೆರೆ ಅಂದುಕೊಂಡು ಶ್ರದ್ಧೆಯಿಂದ ಎಳೆದು ಬಣ್ಣ ತುಂಬಿದ್ದರು. ಬೇರೆ ನಕಲು ಬರೆಸಿಕೊಂಡೇ ಎದ್ದೆ. ಆದರೆ ಆ ಕೆರೆಯಿದ್ದ ನಕಲನ್ನೂ ಬಿಡದೆ ಊರಿಗೆ ತಂದು ಗುಡಿಯ ಮುಂದೆ ಎಲ್ಲರಿಗೂ ತೋರಿಸಿದೆ.

ನಮ್ಮ ಬೀದಿಯ ಹಿರಿಯಜ್ಜಿಗೆ ಕಣ್ಣು ಮಂದ. ನಕ್ಷೆಯನ್ನು ಮೂಗಿನ ಹತ್ತಿರ ಹಿಡಿದು, ಇದೇನೇ ನೀಲಿ ಅಂತ ಕೇಳಿತು. ನೀರು ಕಣಜ್ಜಿ ಅಂದೆ. ಅಜ್ಜಿ ನಕ್ಷೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಹೇಳಿತು: "ಬೋರಿಂಗು ಕೇಳಿದ್ದಕ್ಕೆ ಕೆರೆನೇ ಕೊಟ್ಟವ್ರಲ್ಲೇ. ಇನ್ನೇನು ಬೇಕು ನಿಂಗೆ?"

೪. ಊರು ಅಂದರೆ

ತಕರಾರಿನ ಮೇಲೆ ಸ್ಥಳ ತನಿಖೆ ಆಗಬೇಕಂತೆ. ಒಂದು ದಿನ ರೆವಿನ್ಯೂ ಇನ್‌ಸ್ಪೆಕ್ಟರು ಬಂದರು. ಆವತ್ತು ಗಂಡಸರೆಲ್ಲ ತೋಟಗಳಲ್ಲಿ ಕಾಯಿ ಕೆಡವುತ್ತಿದ್ದರು. ಬೀದಿಯಲ್ಲಿ ಇದ್ದವರು ಹೆಂಗಸರೇ.

ಇನ್‌ಸ್ಪೆಕ್ಟರು ಕೆಟ್ಟವರಲ್ಲ, ಬಿಸಿಲಿಗೆ ಬಗ್ಗುವವರು. ಸ್ಥಳ ನೋಡಿ ಬರೆಯಬೇಕಾದ ಮಹಜರನ್ನು ಕಚೇರಿಯಲ್ಲಿಯೇ ಹಳೆಯ ದಫ್ತರ ನೋಡಿ ಬರೆದು ತಂದಿದ್ದರು. ನನ್ನ ಜಗಲಿಯ ಮೇಲೆ ಕೂತು ಎರಡು ಎಳನೀರು ಕುಡಿದು, ಮಹಜರಿಗೆ ಸ್ಥಳೀಯರ ಐದು ರುಜು ಬೇಕು, ಯಾರಾದರೂ ಐದು ಜನ ಬನ್ನಿ ಅಂದರು. ಹೆಂಗಸರಾದರೆ ಆಗುತ್ತದೆಯೇ ಅಂದೆ. ಹೆಬ್ಬೆಟ್ಟು ತಾನೇ, ಯಾರದ್ದಾದರೇನು ಅಂದರು. ನಾನು, ನನ್ನ ಓರಗಿತ್ತಿ, ಹಿರಿಯಜ್ಜಿ, ಎದುರು ಮನೆಯ ಅತ್ತೆ ಸೊಸೆ, ಐದು ಜನ ಸೇರಿದೆವು.

ಓದಿ ಹೇಳಿ ಅಂತ ಓರಗಿತ್ತಿ ಕೇಳಿದಳು. ಸರ್ಕಾರಿ ಭಾಷೆ, ನಿಮಗೆ ತಿಳಿಯೋಲ್ಲ ಕಣಮ್ಮ ಅಂದರು. ಕಾಗದ ಅವರ ತೊಡೆಯ ಮೇಲಿತ್ತು, ನಾನು ಎದುರಿಗಿದ್ದೆ. ಓಡುವ ಬಸ್ಸಿನ ಬೋರ್ಡು ಓದಿ ಕಲಿತವಳಿಗೆ ತಲೆಕೆಳಗಾದ ಕಾಗದ ಯಾವ ಲೆಕ್ಕ? 'ಸದರಿ ಗ್ರಾಮಕ್ಕೆ ಖುದ್ದು ಭೇಟಿ ಕೊಟ್ಟು ನೋಡಲಾಗಿ, ಯಾವುದೇ ಮನೆಗಳಾಗಲಿ ಜನವಸತಿಯಾಗಲಿ ಕಂಡುಬರುವುದಿಲ್ಲ.'

ಒಂದು ಗಳಿಗೆ ಮೈ ಉರಿಯಿತು. ಕಾಗದ ಕಿತ್ತುಕೊಳ್ಳೋಣ ಅನ್ನಿಸಿತು. ಅಷ್ಟರಲ್ಲಿ ಅದರ ಕೆಳಗಿನ ಭಾಗ ಕಣ್ಣಿಗೆ ಬಿತ್ತು. ಪ್ರತಿ ಸಾಕ್ಷಿಯ ಹೆಸರು, ತಂದೆ ಅಥವಾ ಗಂಡನ ಹೆಸರು, ವಾಸದ ಊರು ಬರೆಯಲು ಜಾಗ ಬಿಟ್ಟಿದ್ದರು. ನನ್ನ ಸಿಟ್ಟು ತಾನಾಗಿ ಇಳಿಯಿತು. ಓರಗಿತ್ತಿಯ ಕಿವಿಯಲ್ಲಿ, "ತೆಪ್ಪಗೆ ಒತ್ತೇ, ಊರಿನ ಹೆಸರು ಕೇಳಿದರೆ ಇದ್ದದ್ದೇ ಹೇಳು" ಅಂದೆ.

ಇನ್‌ಸ್ಪೆಕ್ಟರು ಒಬ್ಬೊಬ್ಬರನ್ನೇ ಕೇಳಿದರು. ಹೆಸರು? ಗಂಡನ ಹೆಸರು? ಎಲ್ಲಿ ವಾಸ? ಇಲ್ಲೇ ಸ್ವಾಮಿ ಅಂದರು ಎಲ್ಲರೂ. ವರ್ಷಗಟ್ಟಲೆ ಮಹಜರು ಬರೆದು ಪಳಗಿದ ಕೈ. ತಲೆ ಎತ್ತದೆ ಐದು ಸಲವೂ 'ವಾಸ ಸದರಿ ಗ್ರಾಮ' ಅಂತ ಬರೆಯಿತು. ನಾಲ್ಕು ಹೆಬ್ಬೆಟ್ಟು ಬಿದ್ದವು. ನಾನು ಮಾತ್ರ ಪೆನ್ನು ಇಸಕೊಂಡು ನಿಧಾನವಾಗಿ ಪೂರ್ತಿ ಹೆಸರು ಬರೆದೆ.

ಹೊರಡುವಾಗ ಇನ್‌ಸ್ಪೆಕ್ಟರು ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡು ಬೀದಿಯ ಉದ್ದಕ್ಕೂ ಒಂದು ಸಾರಿ ಕಣ್ಣು ಹಾಯಿಸಿದರು. ಗುಡಿಸಿ ಸಾರಿಸಿದ ಅಂಗಳಗಳು, ರಂಗೋಲಿ, ನೆರಳು. ಮಹಜರನ್ನು ಚೀಲಕ್ಕೆ ಹಾಕುತ್ತ ಮನಸಾರೆ ಅಂದರು: "ಊರು ಅಂದ್ರೆ ಹಿಂಗಿರಬೇಕು ಕಣಮ್ಮ."

೫. ಸಾಕ್ಷಿಗಳನ್ನು ಓದಿದ್ದು

ವಿಚಾರಣೆಯ ದಿನ ಐದು ಜನ ಹೆಂಗಸರೂ ಮೊದಲ ಬಸ್ಸಿಗೇ ಹೋದೆವು. ಸಭಾಂಗಣದ ತುಂಬ ಬೇರೆ ಬೇರೆ ಊರಿನ ತಕರಾರಿನವರು. ಮೇಲೆ ದೊಡ್ಡ ಸಾಹೇಬರು, ಪಕ್ಕದಲ್ಲಿ ಫೈಲು ಹಿಡಿದು ಇನ್‌ಸ್ಪೆಕ್ಟರು. ಮಾಜಿ ಛೇರ್ಮನ್ನರು ಇಸ್ತ್ರಿ ಹಾಕಿದ ಜುಬ್ಬದಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ, ಪಾಪ ಅಷ್ಟು ದೂರದಿಂದ ಬಂದಿದೀಯ, ಕಾಫಿನಾದರೂ ಕುಡಿದು ಹೋಗು ಅಂದರು.

ನಮ್ಮ ಸರದಿ ಬಂತು. ಛೇರ್ಮನ್ನರು ಎದ್ದು, ಆ ಗ್ರಾಮ ಸರ್ಕಾರದ ಲೆಕ್ಕದಲ್ಲೇ ಜನವಸತಿ ಇಲ್ಲದ್ದು, ಕಾಯಿ ಕಾಯಲು ಹಾಕಿಕೊಂಡ ನಾಲ್ಕು ಗುಡಿಸಲನ್ನು ಊರು ಅನ್ನಲಾಗುವುದಿಲ್ಲ, ಮೊನ್ನೆಯ ಮಹಜರೂ ಅದನ್ನೇ ಹೇಳುತ್ತದೆ ಅಂದರು. ಸಾಹೇಬರು ಮಹಜರು ತೆಗೆದು ಮೇಲಿನ ಭಾಗ ಓದಿ, ನನ್ನ ಕಡೆ ತಿರುಗಿ, ಸ್ಪಷ್ಟವಾಗಿದೆಯಲ್ಲಮ್ಮ, ಯಾರೂ ಇಲ್ಲ ಅಂತ ಬರೆದಿದೆ ಅಂದರು.

ಈ ಒಂದು ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಅಂತ ಗೊತ್ತಿತ್ತು.

"ಹೌದು ಸ್ವಾಮಿ," ಅಂದೆ. "ಸಾಕ್ಷಿ ಯಾರು ಹೇಳಿದ್ದಾರೆ ಅಂತಲೂ ಓದಿಬಿಡಿ."

ಸಾಹೇಬರು ಓದಿದರು. ಒಂದನೇ ಸಾಕ್ಷಿ, ಇಂಥವಳು, ಇಂಥವರ ಹೆಂಡತಿ, ವಾಸ ಸದರಿ ಗ್ರಾಮ. ನಾನು ಎದ್ದು ನಿಂತೇ ಇದ್ದೆ. ಎರಡನೇ ಸಾಕ್ಷಿ, ವಾಸ ಸದರಿ ಗ್ರಾಮ. ಓರಗಿತ್ತಿ ಎದ್ದು ನಿಂತಳು. ಮೂರನೆಯದಕ್ಕೆ ಸಾಹೇಬರ ಸ್ವರ ನಿಧಾನವಾಯಿತು, ಹಿರಿಯಜ್ಜಿ ಕೋಲೂರಿ ಎದ್ದಿತು. ನಾಲ್ಕನೆಯದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಐದನೆಯದನ್ನು ಓದಿ ಮುಗಿಸಲು ಸಭೆ ಬಿಡಲೇ ಇಲ್ಲ. ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅದು ಬೆವರೋ ನಗುವೋ ಹೇಳಲಾರೆ.

ಸದ್ದಡಗಿದ ಮೇಲೆ ನಾನು ಹೇಳಿದೆ. "ನಮ್ಮೂರಲ್ಲಿ ಯಾರೂ ಇಲ್ಲ ಅಂತ ನಮ್ಮೂರಿನವರೇ ಐದು ಜನ ಸಾಕ್ಷಿ ಹೇಳಿದೀವಿ. ನಮ್ಮ ಸಾಕ್ಷಿ ಸುಳ್ಳು ಅಂದರೆ ಊರಿದೆ. ನಿಜ ಅಂದರೆ ಸಾಕ್ಷಿಗಳು ಅಲ್ಲೇ ಇದಾರೆ, ಆಗಲೂ ಊರಿದೆ. ಯಾವುದನ್ನು ಬೇಕಾದರೂ ಬರ್ಕೊಳ್ಳಿ ಸ್ವಾಮಿ."

ಛೇರ್ಮನ್ನರು ಎದ್ದು ಜುಬ್ಬ ಸರಿಮಾಡಿಕೊಂಡು ಮತ್ತೆ ಕೂತರು. ಸಾಹೇಬರು ಅಲ್ಲೇ ಆದೇಶ ಬರೆಸಿದರು: ಜನವಸತಿ ಇರುವ ಗ್ರಾಮ ಅಂತ ದಾಖಲಿಸತಕ್ಕದ್ದು, ನೆಲ ಜನ ಎರಡನ್ನೂ ಒಂದೇ ಮಂಡಲದಲ್ಲಿ ಇಡತಕ್ಕದ್ದು. ಕೊನೆಯ ಪಟ್ಟಿಯಲ್ಲಿ ನಮ್ಮೂರು ಹಾಗೇ ಬಂತು. ಚುನಾವಣೆಯಲ್ಲಿ ನಮ್ಮೂರಿನವರೇ ಒಬ್ಬರು ಮೆಂಬರಾದರು, ಮುಂದಿನ ಬೇಸಿಗೆಗೆ ಗುಡಿಯ ಮುಂದೆ ಬೋರಿಂಗೂ ಬಂತು. ಆದರೆ ನಾನು ಇವತ್ತಿಗೂ ಕೊಬ್ಬರಿ ಒಡೆಯುವುದನ್ನು ನಿಲ್ಲಿಸಿ ನಗುವುದು ಅದಕ್ಕಲ್ಲ. ಆವತ್ತು ಫೈಲು ಕಟ್ಟುವ ಮುಂಚೆ ಆದ ಒಂದು ಮಾತಿಗೆ.

ಸಾಹೇಬರು ಮಹಜರನ್ನು ಮತ್ತೊಂದು ಸಲ ನೋಡಿ, ಇನ್‌ಸ್ಪೆಕ್ಟರ ಕಡೆ ತಿರುಗಿ, ದನಿ ಏರಿಸದೆ ಕೇಳಿದರು: "ಅಲ್ಲಿ ಮನೆಗಳೇ ಇಲ್ಲ ಅಂತ ಬರೆದಿದ್ದೀರಲ್ಲ, ಈ ಐದು ಜನ ನಿಮಗೆ ಎಲ್ಲಿ ಸಿಕ್ಕಿದರು?"

ಇನ್‌ಸ್ಪೆಕ್ಟರು ನೆಟ್ಟಗೆ ನಿಂತು ಉತ್ತರ ಕೊಟ್ಟರು.

"ಅವರವರ ಮನೇಲೇ ಸಾರ್."