ಇಪ್ಪತ್ತನಾಲ್ಕು ಹಾಳೆಯ ನವಿಲು

ಕಾಗದದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಗಂಗಾವತಿಯ ಸರಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿ ಕಾಗದ ಮಡಚಿ, ತೂತು ಹೊಡೆದು, ಅಂಟಿಸಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಆದ್ದರಿಂದ ಏಳು ತಿಂಗಳ ಬಸುರಿಯಾದ ಮಗಳು ಸುಧಾ, ತವರಿನ ಕುಬಸಕ್ಕೆ, ಅದೇ ಸೀಮಂತಕ್ಕೆ, ತಾನು ಕೂರುವ ಕುರ್ಚಿಯ ಹಿಂದೆ ಇಂಥದೊಂದು ನವಿಲು ಬೇಕೆಂದು ಮೊಬೈಲಿನಲ್ಲಿ ಚಿತ್ರ ತೋರಿಸಿದಾಗ ನನಗೆ ನಗು ಬಂತು. ಕಾಗದದ ನವಿಲು! ಅದಕ್ಕೇಕೆ ಹೊರಗಿನವರು?

ಆಗಲೇ ಗೊತ್ತುಮಾಡಿದ್ದ ಅಲಂಕಾರದವನಿಗೆ ಫೋನ್ ಮಾಡಿ, "ನೀವು ಬರೂದು ಬ್ಯಾಡ್ರಿ" ಅಂದೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಕುಷ್ಟಗಿಯ ಬೀಗರಿಗೂ ಫೋನ್ ಮಾಡಿ, "ಆಳೆತ್ತರದ ನವಲು, ನನ್ನ ಕೈಲೆ ಮಾಡಾಕತ್ತೀನಿ, ಬಂದು ನೋಡ್ರಿ" ಎಂದು ಸಾರಿದೆ.

"ಯಾಕ್ರಿ ಬೇಕಾಗಿತ್ತು?" ಎಂದಳು ನನ್ನ ಹೆಂಡತಿ ಶಾಂತಾ. "ಮನಿ ಬಲ್ಬ್ ಹಾಕಾಕ ಹೋಗಿ ಓಣಿ ಕರೆಂಟ್ ತಗದವ್ರು ನೀವು."

"ಅದು ಕರೆಂಟು. ಇದು ಕಾಗದ!"

ಹುಡುಕಿದರೆ ಅಂತರ್ಜಾಲದಲ್ಲಿ ಎಲ್ಲವೂ ಪುಕ್ಕಟೆ. ಇಪ್ಪತ್ತನಾಲ್ಕು ಹಾಳೆಗಳಲ್ಲಿ ಮುದ್ರಿಸಿಕೊಂಡು ಜೋಡಿಸುವ ನವಿಲು ಸಿಕ್ಕಿತು. ಕೆಳಗೆ ಇಂಗ್ಲಿಷಿನಲ್ಲಿ ಉದ್ದನೆಯ ಸೂಚನೆಗಳಿದ್ದವು. ಸೂಚನೆಗಳನ್ನು ಓದುವುದು ಅನುಭವವಿಲ್ಲದವರ ಕೆಲಸವೆಂದು ಬಿಟ್ಟೆ.

ಕುಬಸದ ಹಿಂದಿನ ದಿನ ಮೆಹಬೂಬನ ಜೆರಾಕ್ಸ್ ಅಂಗಡಿಗೆ ಹೋದೆ. ನವಿಲಿನ ತಲೆ, ಕುತ್ತಿಗೆ, ಗರಿ ಚೆನ್ನಾಗಿಯೇ ಹೊರಬಂದವು. ಕಾಲಿನ ಹತ್ತಿರ ಬಂದಾಗ ಯಂತ್ರ ಕೀಚು ಕೀಚು ಅಂದಿತು.

"ಸರ್ರ, ನೀಲಿ ಇಂಕ್ ಮುಗೀತ್ರಿ. ನಾಳಿಗೆ ಬರ್ತೈತಿ. ಗುಲಾಬಿ ಭಾಳ ಐತ್ರಿ, ಹೊಡೀಲೇನ್ರಿ?"

"ಹೊಡಿಯಪ್ಪ. ಕಾಲು ಯಾರು ನೋಡ್ತಾರ?"

ಹೀಗೆ ನನ್ನ ನವಿಲಿಗೆ ಗುಲಾಬಿ ಕಾಲು ಬಂದವು. ದಪ್ಪ ಡ್ರಾಯಿಂಗ್ ಶೀಟಿಗಾಗಿ ಬಜಾರಿನ ಮೂರು ಅಂಗಡಿ ತಿರುಗಿದೆ. ಶಾಲೆಯ ಮಕ್ಕಳೆಲ್ಲ ಒಯ್ದುಬಿಟ್ಟಿದ್ದರು. ಹಳೆಯ ಕ್ಯಾಲೆಂಡರುಗಳನ್ನೇ ಬೆನ್ನಿಗೆ ಅಂಟಿಸಿದರಾಯಿತೆಂದು ಮನೆಗೆ ಬಂದೆ.

ಇಲ್ಲಿಯವರೆಗೆ ಆದದ್ದಕ್ಕೆ ಪರರನ್ನು ದೂರಬಹುದು. ಮುಂದಿನದೆಲ್ಲ ಸ್ವಂತ ಸಾಧನೆ! ಬಿಡಿ ಕಾಗದ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇಪ್ಪತ್ತನಾಲ್ಕೂ ಹಾಳೆಗಳನ್ನು ಒಟ್ಟು ಹಿಡಿದು, ಮೂಲೆಗೆ ತೂತು ಹೊಡೆದು, ಟ್ಯಾಗ್ ಕಟ್ಟಿದೆ. ಕಡತದ ನಿಯಮದಂತೆ ಕೊನೆಗೆ ಬಂದ ಕಾಗದ ಮೇಲೆ, ಮೊದಲು ಬಂದದ್ದು ಕೆಳಗೆ. ಹಾಗೆಯೇ ಮೇಲಿನಿಂದ ಒಂದು, ಎರಡು, ಮೂರು ಎಂದು ಕೆಂಪು ಪೆನ್ನಿನಿಂದ ನಂಬರನ್ನೂ ಹಾಕಿದೆ. ಆಹಾ, ಎಂಥ ಶಿಸ್ತು!

ಇನ್ನು ಅಂಟು. ಶಾಂತಾ ಗೋಂದಿನ ಬಾಟಲಿ ತರಲು ಹೇಳಿದಳು. ನಾನು ಒಪ್ಪಲಿಲ್ಲ. "ಕಿನ್ನಾಳದ ಗೊಂಬಿ ಮಾಡೋರು ಹುಣಸಿಬೀಜದ ಅಂಟು ಹಚ್ತಾರ. ತಲೆತಲಾಂತರ ಬಾಳಿಕಿ ಬರ್ತೈತಿ. ಮಿಕ್ಸರ್ ಕೊಡು, ಬೀಜ ಅರೀತೀನಿ."

"ಮಿಕ್ಸರ್ ಮುಟ್ಟಿದ್ರ ನೋಡ್ರಿ ಮತ್ತ!"

ಮಿಕ್ಸರನ್ನು ಮುಟ್ಟಲಿಲ್ಲ. ಭತ್ತದ ನಾಡಿನಲ್ಲಿದ್ದು ಅಂಟಿಗೆ ಬರವೇ? ಅಕ್ಕಿ ಕುದಿಸಿ ಒಂದು ಪಾತ್ರೆ ಗಟ್ಟಿ ಗಂಜಿ ಮಾಡಿದೆ. ಹುಳಿಯಬಾರದೆಂದು ಎರಡು ಹಿಡಿ ಉಪ್ಪನ್ನೂ ಹಾಕಿದೆ. ಆ ಉಪ್ಪು ಯಾರ ಉಪದೇಶವೂ ಅಲ್ಲ, ನನ್ನ ಸ್ವಂತ ಸಂಶೋಧನೆ.

ನಂಬರಿನ ಪ್ರಕಾರ ಪಡಸಾಲೆಯ ತುಂಬ ಹಾಳೆ ಅಂಟಿಸಿ ಮುಗಿಸಿ ಎದ್ದು ನಿಂತು ನೋಡಿದೆ. ನವಿಲಿನ ಕಾಲು ಮೇಲಿದ್ದವು, ತಲೆ ಕೆಳಗಿತ್ತು! ಹೊಟ್ಟೆ ಎರಡು ಪಾಲಾಗಿ ಆ ತುದಿಗೊಂದು ಈ ತುದಿಗೊಂದು ನಿಂತಿತ್ತು. ಮೈಮೇಲೆಲ್ಲ ಟ್ಯಾಗಿನ ತೂತುಗಳು ಬೇರೆ.

ಸುಧಾ ಬಂದು ನೋಡಿದಳು. "ಅಪ್ಪಾ, ಇದಕ್ಕ ಏನಾಗೇತಿ?" ಎಂದಳು. ಅವಳ ಮುಖ ಸಣ್ಣದಾದದ್ದು ನೋಡಿ ನನ್ನ ಜೀವ ಚುರುಕ್ ಅಂದಿತು. ಮದುವೆಯಾದ ಮೇಲೆ ಮಗಳು ಬಾಯಿಬಿಟ್ಟು ಕೇಳಿದ್ದು ಇದೊಂದೇ.

"ನಾಳೆ ಬೆಳಿಗ್ಗಿ ನೋಡವ್ವ" ಎಂದು ಒದ್ದೆ ಬಟ್ಟೆ ಹಿಡಿದು ಒಂದೊಂದೇ ಹಾಳೆ ಬಿಡಿಸಿ, ಸರಿಯಾಗಿ ಜೋಡಿಸಿ, ಮೊದಲಿನ ಎರಡರಷ್ಟು ಗಂಜಿ ಬಳಿದೆ. ಈ ಸಲ ನಿಜವಾಗಿಯೂ ನವಿಲಾಯಿತು. ಕಣ್ಣಿಗೆ ನೀರು ಬರುವಷ್ಟು ಚೆಂದದ ನವಿಲು! ಆದರೆ ಬೆಳಿಗ್ಗೆ ಎದ್ದಾಗಲೂ ಅದು ಹಸಿ ಹಸಿಯಾಗಿಯೇ ಇತ್ತು. ಬೀಗರು ಹನ್ನೊಂದಕ್ಕೆ ಬರುವವರು. ಒಳ್ಳೆಯ ಬಿಸಿಲಿದೆಯೆಂದು ಹಿತ್ತಲಿನ ಕಟ್ಟೆಯ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಸ್ನಾನಕ್ಕೆ ಹೋದೆ.

ತಲೆ ಒರೆಸಿಕೊಳ್ಳುತ್ತ ಹೊರಬಂದಾಗ ಪಕ್ಕದ ಮನೆಯ ಹುಸೇನಬಿಯ ಎಮ್ಮೆ ರಾಣಿ ನವಿಲಿನ ಕುತ್ತಿಗೆಯನ್ನು ಕಣ್ಣುಮುಚ್ಚಿ ಮೆಲ್ಲುತ್ತಿತ್ತು. ಗರಿಗಳು ಆಗಲೇ ಒಳಗೆ ಹೋಗಿದ್ದವು!

"ಹೇ! ಹೋಗ್! ಹೋಗ್!" ಎಂದು ಟವೆಲ್ ಬೀಸಿದೆ. ಅದು ಕ್ಯಾಲೆಂಡರಿನ ಸಮೇತ ಇನ್ನೊಂದು ತುತ್ತು ಎಳೆದುಕೊಂಡಿತು. ಜಗ್ಗಾಡಿ ಕಿತ್ತುಕೊಂಡಾಗ ನನ್ನ ಕೈಗೆ ಬಂದದ್ದು ಒಂದೇ ಹಾಳೆ.

ಕೂಗು ಕೇಳಿ ಹುಸೇನಬಿ ಓಡಿಬಂದಳು. "ಅಯ್ಯ ಅಣ್ಣಾರ, ಮುಸುರಿ ಕಟ್ಟಿ ಮ್ಯಾಲ ಯಾಕ್ ಇಟ್ರಿ? ಶಾಂತಕ್ಕ ದಿನಾ ಇಲ್ಲೇ ಗಂಜಿ, ಮುಸುರಿ ಇಡ್ತಾರಲ್ರಿ! ಅದಕ್ಕೇನ್ ತಿಳೀತೈತಿ, ತನಗ ಇಟ್ಟಾರ ಅಂತ ತಿಂದೈತಿ." ಆಮೇಲೆ ಅವಳು ರಾಣಿಯ ಹೊಟ್ಟೆ ಸವರಿದಳು. "ಗಬ್ಬದ ಎಮ್ಮಿ ಐತ್ರಿ. ಇಂಕಿನ ಕಾಗದ ತಿಂದು ಏನರ ಆದ್ರ ಏನ್ ಮಾಡ್ಲ್ರಿ?"

ನವಿಲಿಗಾಗಿ ಅಳಬೇಕೋ ಎಮ್ಮೆಗಾಗಿ ಅಳಬೇಕೋ ತಿಳಿಯದೆ, ಜಾನುವಾರು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಕೊಂಡು, "ಎಮ್ಮಿಗೇನೂ ಆಗೂದಿಲ್ಲ ಬಿಡ್ರಿ. ನೀವು ಆರಾಮ ಅದೀರಿಲ್ಲ?" ಅಂದರು.

ಅಷ್ಟರಲ್ಲಿ ಬಾಗಿಲಲ್ಲಿ ಬೀಗರ ಗಾಡಿ ನಿಂತಿತು. ನಾನು ಮೋರೆ ತೋರಿಸಲಾರದೆ ಅಡುಗೆಮನೆ ಸೇರಿದೆ. ಶಾಂತಾ ಟ್ರಂಕ್ ಎಳೆದಳು. ತನ್ನ ಮದುವೆಯ ಹಸಿರು ಇಲಕಲ್ ಸೀರೆ ತೆಗೆದು, ನೆರಿಗೆ ಹಿಡಿದು, ಕೆಂಪು ಸೆರಗು ಬೀಸಣಿಗೆಯ ಹಾಗೆ ಅರಳುವಂತೆ ಕುರ್ಚಿಯ ಹಿಂದೆ ಕಟ್ಟಿದಳು. ಹುಸೇನಬಿ ತನ್ನಂಗಳದ ಮಲ್ಲಿಗೆಯನ್ನೆಲ್ಲ ತಂದು ಸುತ್ತಲೂ ಸಿಕ್ಕಿಸಿದಳು. ಬೀಗರು ಸಾಮಾನು ಇಳಿಸಿ, ಅಂಗಳದಲ್ಲಿ ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಅದು ನನ್ನ ನವಿಲಿಗಿಂತ ಹತ್ತು ಪಾಲು ಛಲೋ ಆಯಿತು. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಬೀಗಿತಿ ಒಳಗೆ ಬಂದವರೇ, "ಬೀಗರ, ನವಲು ಎಲ್ಲೈತ್ರಿ?" ಎಂದರು.

ನಾನು ಅಡುಗೆಮನೆಯ ಬಾಗಿಲ ಮರೆಗೆ ಸರಿದೆ. ಸುಧಾ ಬಾಯಿಗೆ ಸೆರಗು ಒತ್ತಿಕೊಂಡು, "ರಾಣಿ ಹೊಟ್ಟ್ಯಾಗ ಐತ್ರಿ ಅತ್ತಿ" ಎಂದಳು. ಹುಸೇನಬಿ ಪೂರ್ತಿ ಕಥೆ ಹೇಳಿದಳು. ಬೀಗಿತಿ ನಕ್ಕು ನಕ್ಕು ಗೋಡೆ ಹಿಡಿದರು. "ಗಬ್ಬದ ಎಮ್ಮಿ ಬಯಕಿ ತೀರಿಸೀರಿ! ಮಗಳದಕಿಂತ ಮೊದಲ ಎಮ್ಮಿ ಕುಬಸ ಮಾಡಿ ಮುಗಿಸೀರಲ್ರಿ ಬೀಗರ!"

ಮಗಳು ಕಣ್ಣೀರು ಬರುವ ಹಾಗೆ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದು ನೋಡಿ ಎಷ್ಟೋ ದಿನವಾಗಿತ್ತು. ಮರ್ಯಾದೆ ಹೋದರೆ ಹೋಗಲಿ ಅನ್ನಿಸಿತು.

ಆರತಿ ಎತ್ತಲು ಅವಳನ್ನು ಕುಳ್ಳಿರಿಸಿದಾಗ ಕುರ್ಚಿ ಕಟಕಟ ಅಲುಗಾಡಿತು. ಒಂದು ಕಾಲು ಮೋಟು. "ಏನರ ಕೊಡ್ರಿ ಲಗೂನ" ಎಂದು ಶಾಂತಾ ಕೈ ಚಾಚಿದಳು. ನನ್ನ ಜೇಬಿನಲ್ಲಿ, ಎಮ್ಮೆಯ ಬಾಯಿಂದ ಕಿತ್ತುಕೊಂಡ ಒಂದೇ ಒಂದು ಹಾಳೆ ಉಳಿದಿತ್ತು. ಅದನ್ನೇ ಎಂಟು ಮಡಿಕೆ ಮಡಚಿ ಕುರ್ಚಿಯ ಕಾಲಿನ ಕೆಳಗೆ ಇಟ್ಟೆ. ಕುರ್ಚಿ ಗಟ್ಟಿಯಾಗಿ ನಿಂತಿತು.

ಕುಬಸದ ಫೋಟೋ ಈಗ ಪಡಸಾಲೆಯ ಗೋಡೆಯ ಮೇಲಿದೆ. ಸೀರೆ ಚೆಂದ, ಮಲ್ಲಿಗೆ ಚೆಂದ ಎಂದು ನೋಡಿದವರೆಲ್ಲ ಶಾಂತಾಳನ್ನು ಹೊಗಳುತ್ತಾರೆ. ನಾನು ಅವರನ್ನು ಹತ್ತಿರ ಕರೆದು, ಬಗ್ಗಿಸಿ, ಕುರ್ಚಿಯ ಎಡಗಾಲಿನ ಬುಡದಲ್ಲಿ ಕಾಣುವ ಗುಲಾಬಿ ಚೂರಿಗೆ ಬೆರಳಿಟ್ಟು ತೋರಿಸುತ್ತೇನೆ.

"ಇದು ನಾನು ಮಾಡಿದ್ದು!"